ಉಗಾಂಡದ ಬಾಣಂತನ ಮತ್ತು ತತ್ತಿಯ ಸೂಜಿ

ಬೆಂಗಳೂರು: ಬೆಂಚಿನ ಮೇಲೆ ಅರ್ಧ ಗಂಟೆ

ನಮ್ಮ ಕಡೆ ಬಾಣಂತನಕ್ಕೆ ಮಗಳು ತವರಿಗೆ ಬರುತ್ತಾಳೆ. ತವರು ಗಂಟುಮೂಟೆ ಕಟ್ಟಿಕೊಂಡು ಮಗಳ ಹತ್ತಿರ ಹೋಗುವುದಿಲ್ಲ. ಈ ಸಲ ಹೋಗಬೇಕಾಗಿ ಬಂತು. ನನ್ನ ನಾದಿನಿ ಶೈಲಾಳಿಗೆ ಬಿಪಿ ಏರಿದ್ದರಿಂದ ವಿಮಾನ ಹತ್ತುವಂತಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟಿದ್ದರು. ಅಲ್ಲಿ ಎಂದರೆ ಉಗಾಂಡದ ಎಂಬಾಲೆ. ಅವಳ ಗಂಡ ವೀರೇಶ ಗಂಗಾವತಿಯವನು, ಭತ್ತದ ಧೂಳಿನಲ್ಲೇ ಬೆಳೆದವನು. ಈಗ ಎಂಬಾಲೆಯ ಹತ್ತಿರದ ಅಕ್ಕಿ ಮಿಲ್ಲೊಂದರಲ್ಲಿ ಮೇಲ್ವಿಚಾರಕ.

ಹೊರಟವರು ಇಬ್ಬರು. ಯಲಬುರ್ಗಾ ಕಡೆಯ ತಳಕಲ್‌ನಲ್ಲಿರುವ ನಮ್ಮ ಅತ್ತೆ, ಅಂದರೆ ಶೈಲಾಳ ತಾಯಿ ನೀಲಮ್ಮ ಮತ್ತು ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಾನು. ನಾನು ಕೊಪ್ಪಳದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಬೇಸಿಗೆ ರಜೆ ಇತ್ತು, ತಪ್ಪಿಸಿಕೊಳ್ಳಲು ನೆಪ ಇರಲಿಲ್ಲ.

ಅತ್ತೆಯ ಗಂಟಿನಲ್ಲಿ ಬಾಣಂತಿಗೆ ಉಂಡೆ ಕಟ್ಟಲು ಅಂಟು, ಒಣಕೊಬ್ಬರಿ, ಅಳವಿ ಬೀಜ, ಜೊತೆಗೆ ಜೋಳದ ಹಿಟ್ಟು, ಶೇಂಗಾ ಹಿಂಡಿ ಎಲ್ಲ ಇದ್ದವು. ಅವುಗಳನ್ನು ತಪಾಸಣೆಯವರು ಕಿತ್ತುಕೊಂಡರೂ ಅವರು ತಡೆದುಕೊಳ್ಳುತ್ತಿದ್ದರು. ಕಿತ್ತುಕೊಳ್ಳಬಾರದ್ದು ಒಂದೇ. ಬಿಳಿ ಅರಿವೆಯಲ್ಲಿ ಸುತ್ತಿ ತಮ್ಮ ಬ್ಲೌಸಿನೊಳಗೆ ಇಟ್ಟುಕೊಂಡಿದ್ದ, ಹುಟ್ಟುವ ಕೂಸಿಗಾಗಿ ಒಯ್ಯುತ್ತಿದ್ದ ಸಣ್ಣ ಲಿಂಗ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟುವವರು ಮಠದ ಅಯ್ಯನವರು. ಎಂಬಾಲೆಯಲ್ಲಿ ಅಯ್ಯನವರನ್ನು ಎಲ್ಲಿಂದ ತರುವುದು? ಅತ್ತೆ ಹೋಗಿ ಕೇಳಿದಾಗ ನಮ್ಮೂರ ಅಯ್ಯನವರು ಲಿಂಗವನ್ನು ಅವರ ಕೈಗಿಟ್ಟು, “ನಿನ್ನ ಕೈಲೇ ಕಟ್ಟವಾ ನೀಲವ್ವಾ, ದಿನಾ ಪೂಜಿ ಮಾಡೂ ಕೈ ಅದು” ಎಂದಿದ್ದರಂತೆ. ಆ ಮಾತನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಉಗಾಂಡಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರಬೇಕು. ಸೊಳ್ಳೆಯಿಂದ ಬರುವ ಜ್ವರ ಅದು, ನಮ್ಮ ದೇಶದಲ್ಲಿಲ್ಲ, ಬರಗೊಡಬಾರದೆಂದು ಸರ್ಕಾರದ ಹಠ. ಲಸಿಕೆಯ ಹಳದಿ ಕಾರ್ಡು ಇಲ್ಲದಿದ್ದರೆ ಅಲ್ಲಿಯವರು ಒಳಗೆ ಬಿಡುವುದಿಲ್ಲ. ಮರಳಿ ಬಂದಾಗ ನಮ್ಮವರೂ ನೇರವಾಗಿ ಮನೆಗೆ ಬಿಡುವುದಿಲ್ಲ, ಹಿಡಿದು ಕೂರಿಸುತ್ತಾರೆ. ಹೀಗಾಗಿ ಹೊರಡುವುದಕ್ಕೆ ಸಾಕಷ್ಟು ಮುಂಚೆಯೇ ಬೆಂಗಳೂರಿಗೆ ಹೋಗಿ ಬಂದೆವು. ಲಸಿಕೆ ಹಾಕುವ ಮೊದಲು ಡಾಕ್ಟರಮ್ಮ ಅತ್ತೆಯನ್ನು ಕೇಳಿದರು:

“ಮೊಟ್ಟೆ ತಿಂದ್ರೆ ಏನಾದ್ರೂ ತೊಂದರೆ ಆಗುತ್ತಾ ಅಮ್ಮ?”

“ನಾವು ತತ್ತಿ ಮುಟ್ಟಂಗಿಲ್ರಿ,” ಅಂದರು ಅತ್ತೆ, ಬೆನ್ನು ನೆಟ್ಟಗೆ ಮಾಡಿ. “ಲಿಂಗಪೂಜಿ ಆಗದ ಒಂದು ತುತ್ತು ಬಾಯಿಗೆ ಹೋಗಂಗಿಲ್ಲ ನಮ್ಮ ಮನ್ಯಾಗ.”

ಡಾಕ್ಟರಮ್ಮ ನಕ್ಕರು. ಹಿಂದೆ ಬೇರೆ ಯಾವ ಸೂಜಿಗಾದರೂ ಮೈಮೇಲೆ ದದ್ದು ಎದ್ದಿತ್ತೇ ಎಂದು ನನ್ನನ್ನು ಕೇಳಿ, ಇಲ್ಲವೆಂದ ಮೇಲೆ ಚುಚ್ಚಿ, ಅರ್ಧ ಗಂಟೆ ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿದರು. ನನ್ನ ಸರದಿ ಮುಗಿಸಿ ನಾನು ಹೊರಗೆ ಬರುವಷ್ಟರಲ್ಲಿ ಅತ್ತೆ ಪಕ್ಕದ ಹೆಂಗಸಿಗೆ ಏನೋ ಖುಷಿಯಿಂದ ಹೇಳುತ್ತಿದ್ದರು. ಏನೆಂದು ನಾನು ಕೇಳಲಿಲ್ಲ.

ಆಕಾಶದಲ್ಲಿ: ವೆಜ್ಜೋ ನಾನ್‌ವೆಜ್ಜೋ

ಅತ್ತೆಗೆ ಇದು ಮೊದಲ ವಿಮಾನ. ಹೆದರುತ್ತಾರೆ ಅಂದುಕೊಂಡಿದ್ದೆ. ಕೊಪ್ಪಳದಿಂದ ತಳಕಲ್‌ಗೆ ಹೋಗುವ ಬಸ್ಸಿಗಿಂತ ಕುಲುಕಾಟ ಕಡಿಮೆ ಎಂದು ಹೇಳಿ ಬೆಲ್ಟು ಕಟ್ಟಿಕೊಂಡು ಕೂತರು. ಊಟದ ಗಾಡಿ ತಳ್ಳಿಕೊಂಡು ಬಂದ ಹುಡುಗಿ ವೆಜ್ಜೋ ನಾನ್‌ವೆಜ್ಜೋ ಎಂದು ಕೇಳಿದಳು. ಅತ್ತೆ ನನ್ನ ಕಡೆ ತಿರುಗಿದರು.

“ನೋಡು ಸುಜಾತಾ, ಇವರೂ ಕೇಳ್ತಾರ. ಅವತ್ತ ಸೂಜಿ ಹಾಕೂ ಮೊದಲ ಸರಕಾರದವರೂ ಕೇಳಿದ್ರು, ತತ್ತಿ ತಿಂತೀರೇನು ಅಂತ. ತಿನ್ನೂ ಮಂದಿಗೆ ಒಂದು ಸೂಜಿ, ತಿನ್ನದ ಮಂದಿಗೆ ಒಂದು. ಭಾಳ ಛಲೋ ಪದ್ಧತಿ ಮಾಡ್ಯಾರ. ನಮ್ಮ ಓಣ್ಯಾಗ ಎಲ್ಲಾರಿಗೂ ಹೇಳೀನಿ.”

ಇಲ್ಲಿ ನಾನು ಹೂಂ ಅಂದು ಅನ್ನಕ್ಕೆ ಸಾರು ಕಲೆಸಿಕೊಳ್ಳಬೇಕಿತ್ತು. ಹನ್ನೆರಡು ವರ್ಷ ಹುಡುಗರ ಉತ್ತರ ಪತ್ರಿಕೆ ತಿದ್ದಿದವಳಿಗೆ ತಪ್ಪು ಕಂಡ ಕೂಡಲೇ ಕೆಂಪು ಪೆನ್ನು ತಾನಾಗಿ ಎದ್ದು ನಿಲ್ಲುತ್ತದೆ.

“ಅದಕ್ಕಲ್ರಿ ಅತ್ತಿ ಕೇಳಿದ್ದು. ಆ ಲಸಿಕಿ ತಯಾರಾಗೂದ ಕೋಳಿ ತತ್ತಿಯೊಳಗ. ತತ್ತಿ ಒಗ್ಗದವರಿಗೆ ಅದು ತ್ರಾಸ ಕೊಡಬಾರದಂತ ಕೇಳ್ತಾರ.”

ಅತ್ತೆಯ ಕೈ ನಿಂತಿತು. “ತತ್ತಿಯೊಳಗ ಅಂದ್ರ?”

ಈಗಲಾದರೂ ನಿಲ್ಲಿಸಬಹುದಿತ್ತು. ನಾನು ವಿವರಿಸಿದೆ. ಕಾವು ಕೊಟ್ಟ ತತ್ತಿ ಆರಿಸುತ್ತಾರೆ, ಒಳಗೆ ಬೆಳೆಯುತ್ತಿರುವ ಮರಿಗೆ ವೈರಸ್ಸು ಸೇರಿಸುತ್ತಾರೆ, ಅದು ಬೆಳೆದ ಮೇಲೆ ತೆಗೆದು ಶುದ್ಧಮಾಡಿ ಒಣಗಿಸಿ ಪುಡಿ ಮಾಡುತ್ತಾರೆ. ತತ್ತಿ ಎಂದಾಗ ಕುಗ್ಗಿದ ಅತ್ತೆಯ ಮುಖ ಮರಿ ಎಂದಾಗ ಬಿಳಿಚಿಕೊಂಡಿತು. ತಟ್ಟೆಯ ಮುಚ್ಚಳ ಮುಚ್ಚಿ ಪಕ್ಕಕ್ಕೆ ಸರಿಸಿದರು. ಎಡಗೈಯ ತೋಳನ್ನು ಸೆರಗಿನಿಂದ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ಕೂತರು.

ಎಂಟೆಬೆಯಿಂದ ಎಂಬಾಲೆಗೆ: ಮೈಯ ಲೆಕ್ಕ

ಎಂಟೆಬೆಯ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗಿಂತ ಮೊದಲು ಹಳದಿ ಕಾರ್ಡು ನೋಡಿದರು. ಅತ್ತೆ ಅದನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು ಚಾಚಿದರು. ಅಲ್ಲಿನ ಅಧಿಕಾರಿ ಕಾರ್ಡನ್ನು ನೋಡುವ ಮೊದಲು ನಮ್ಮ ಕ್ಷೇಮ ಕೇಳಿದ, ಪ್ರಯಾಣ ಹೇಗಾಯಿತು ಎಂದ, ಮನೆಯವರೆಲ್ಲ ಹೇಗಿದ್ದಾರೆ ಎಂದ. ಉಗಾಂಡದಲ್ಲಿ ಯಾರೂ ನೇರವಾಗಿ ಕೆಲಸದ ಮಾತಿಗೆ ಇಳಿಯುವುದಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮ ತಹಶೀಲ್ದಾರ್ ಕಚೇರಿಯ ಕೌಂಟರಿನಲ್ಲಿ ಹೀಗೆ ಕೇಳಿದ್ದರೆ ಹಿಂದಿನವರು ನಮ್ಮನ್ನು ನೂಕಿಬಿಡುತ್ತಿದ್ದರು.

ವೀರೇಶ ಕಾರು ತಂದಿದ್ದ. ಕಂಪಾಲಾ ಪಟ್ಟಣದ ಗದ್ದಲ ದಾಟುವಷ್ಟರಲ್ಲೇ ಸಾಕಾಯಿತು. ವಿದ್ಯುತ್ ಕಂಬಗಳ ಮೇಲೆ ಮನುಷ್ಯನ ಎದೆಯೆತ್ತರದ ಬೋಳುತಲೆಯ ಕೊಕ್ಕರೆಗಳು ಕಸ ಕಾಯುತ್ತ ಕೂತಿದ್ದವು. ಬಾಡಿಗೆ ಬೈಕುಗಳವರು ಮಂಚ, ಬಾಗಿಲು, ಬದುಕಿರುವ ಆಡು, ಏನನ್ನಾದರೂ ಹಿಂದೆ ಕಟ್ಟಿಕೊಂಡು ಓಡುತ್ತಿದ್ದರು. ಊರು ದಾಟಿದ ಮೇಲೆ ಕೆಂಪು ಮಣ್ಣು, ಬಾಳೆ, ಕಬ್ಬು. ಎಲ್ಲೆಲ್ಲೂ ಹಸಿರು. ಬಿಸಿಲಿಗೆ ಬಿರಿದ ನಮ್ಮ ಎರೆಹೊಲ ಬಿಟ್ಟು ಬಂದ ಕಣ್ಣಿಗೆ ಅದು ಸ್ವಲ್ಪ ಅತಿ ಅನಿಸಿತು.

ಜಿಂಜಾ ಎಂಬ ಊರಿನ ಬಳಿ ರಸ್ತೆಬದಿಯ ಹಂಚಿನ ಮೇಲೆ ಒಬ್ಬ ಚಪಾತಿ ಬೇಯಿಸುತ್ತಿದ್ದ. ವಿಮಾನದಲ್ಲಿ ಉಪವಾಸ ಕೂತಿದ್ದ ಅತ್ತೆ ಮೊದಲ ಸಲ ಕತ್ತೆತ್ತಿ, “ಇಲ್ಲೂ ಚಪಾತಿ ಅದಾವ” ಎಂದರು. ವೀರೇಶ ಗಾಡಿ ನಿಲ್ಲಿಸಿದ. ಆ ಮನುಷ್ಯ ನಗುತ್ತಲೇ ಎರಡು ತತ್ತಿ ಒಡೆದು, ಈರುಳ್ಳಿ ಸೇರಿಸಿ, ಹಂಚಿಗೆ ಸುರಿದು, ಮೇಲೆ ಚಪಾತಿ ಇಟ್ಟು ಸುರುಳಿ ಸುತ್ತಿದ. ಅದು ಆ ದೇಶದ ಅಚ್ಚುಮೆಚ್ಚಿನ ತಿಂಡಿಯಂತೆ. ವೀರೇಶ ಗಾಡಿ ಮುಂದಕ್ಕೆ ಬಿಟ್ಟ. ವಿಮಾನದಲ್ಲಿ ನಡೆದದ್ದನ್ನು ನಾನು ಅವನಿಗೆ ಹೇಳಿಯಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಅತ್ತೆ ಕೇಳಿದರು, “ನನಗ ನಾಯಿ ಕಡದಾಗ ಕುಕನೂರಾಗ ಸೂಜಿ ಹಾಕಿದ್ರಲ್ಲ, ಅದರಾಗ ಏನಿತ್ತು?”

ಎಚ್ಚರವಾಗಿ ಉತ್ತರಿಸಿದೆ. “ಅದು ಸತ್ತ ವೈರಸ್ಸು. ಬೆಳಸಿ, ಔಷಧ ಹಾಕಿ ಕೊಂದು, ಆಮ್ಯಾಲ ಕೊಡ್ತಾರ. ರೋಗ ತರೂ ಕಸುವು ಅದಕ್ಕಿಲ್ಲ, ಆದ್ರ ಮೈ ಅದರ ಗುರತ ಹಿಡದು ಇಟಗೋತೈತಿ.”

“ಕುದಿಸಿದ ಭತ್ತ ಇದ್ದಂಗ್ರಿ ಅತ್ತಿ,” ಅಂದ ವೀರೇಶ. “ಬಿತ್ತಿದ್ರ ಮೊಳಕಿ ಒಡಿಯಂಗಿಲ್ಲ. ನೋಡಿದವರು ಮಾತ್ರ ಇದು ಭತ್ತ ಅಂತ ಹೇಳ್ತಾರ.”

ಇಷ್ಟು ವರ್ಷ ಪಾಠ ಮಾಡಿ ನನಗೆ ಈ ಉದಾಹರಣೆ ಹೊಳೆದಿರಲಿಲ್ಲ. ಸ್ವಲ್ಪ ಹೊಟ್ಟೆ ಉರಿಯಿತು.

“ಬಸುರಿದ್ದಾಗ ಹಾಕಿದ್ದು?” ಎಂದರು ಅತ್ತೆ.

“ಧನುರ್ವಾಯುದ್ದು. ಅದರಾಗ ರೋಗಾಣುನೂ ಇಲ್ರಿ. ಅದು ಬಿಡೂ ನಂಜು ಇರ್ತೈತಿ, ಆ ನಂಜಿನ ಕಾಟ ತಗದಿರ್ತಾರ. ಹಲ್ಲು ಕಿತ್ತ ಹಾವು ತೋರಿಸಿ ಮೈಗೆ ಹಾವಿನ ಗುರತ ಮಾಡಿಸಿದಂಗ.”

“ಕೊರೊನಾದಾಗ ಊರ ಸಾಲ್ಯಾಗ ಹಾಕಿದ್ದು?”

“ಯಾರಿಗೂ ಅಪಾಯ ಮಾಡದ ಒಂದು ನೆಗಡಿ ವೈರಸ್ಸು ಇರ್ತೈತಿ. ಅದರೊಳಗ ಕೊರೊನಾದ ಒಂದು ತುಂಡು ಹೆಂಗ ಮಾಡಬೇಕು ಅನ್ನೂದನ್ನ ಇಟ್ಟು ಕಳಸ್ತಾರ. ಅದು ಬರೇ ಹೊತ್ತು ತಂದು ಮುಟ್ಟಸ್ತೈತಿ, ಮೈಯಾಗ ತಾನು ಬೆಳಿಯಂಗಿಲ್ಲ.”

ವೀರೇಶ ತಾನು ಇಲ್ಲಿ ಹಾಕಿಸಿಕೊಂಡ ಕೊರೊನಾ ಲಸಿಕೆ ಬೇರೆ ಬಗೆಯದೆಂದ. ಅದು ಎಂಆರ್‌ಎನ್‌ಎ. ಅದರಲ್ಲಿ ಹೊತ್ತು ತರುವ ವೈರಸ್ಸೂ ಇಲ್ಲ, ಸಣ್ಣ ಕೊಬ್ಬಿನ ಗುಳ್ಳೆಯೊಳಗೆ ಒಂದು ಚೀಟಿ ಇದ್ದಂತೆ ಎಂದು ನಾನು ಹೇಳಿದೆ. ವೈರಸ್ಸಿನ ಮೈಮೇಲಿನ ಮುಳ್ಳನ್ನು ಹೇಗೆ ಮಾಡಬೇಕೆಂದು ಆ ಚೀಟಿ ಹೇಳುತ್ತದೆ, ನಮ್ಮ ಮೈಯೇ ಅದನ್ನು ಓದಿ ಮುಳ್ಳು ಮಾಡುತ್ತದೆ, ಆ ಮುಳ್ಳು ಕಂಡು ಎಚ್ಚರಗೊಳ್ಳುತ್ತದೆ, ಚೀಟಿ ಕರಗಿ ಹೋಗುತ್ತದೆ.

“ಬರೇ ಚೀಟಿ,” ಅತ್ತೆ ನಿಟ್ಟುಸಿರು ಬಿಟ್ಟರು. “ಅಳಿಯಾರು ಪುಣ್ಯವಂತ್ರು. ನನಗ ಅಂಥಾದ್ದ ಹಾಕಬೇಕಿತ್ತಿಲ್ಲ?”

“ಹಳದಿ ಜ್ವರಕ್ಕ ಹಂಗಿಂದು ಸಿಗೂದಿಲ್ರಿ. ಇದು ಜೀವಂತ ವೈರಸ್ಸು. ಕೋಳಿ ಜೀವಕೋಶದಾಗ ಮತ್ತ ಮತ್ತ ಬೆಳಸಿ ಬೆಳಸಿ, ಮನುಷ್ಯಾರನ್ನ ಕಾಡೂದ ಮರತುಬಿಟ್ಟೈತಿ. ಒಂದು ಸಲ ಹಾಕಿಸ್ಕೊಂಡ್ರ ಸಾಕು. ಮೈಯಾಗ ಒಂದಿಷ್ಟು ದಿನ ಬೆಳದು, ಪಾಠ ಕಲಿಸಿ ಹೋಗತೈತಿ.”

“ನನ್ನ ಮೈಯಾಗ ಬೆಳದೈತಿ ಅನ್ನು.”

ಲಸಿಕೆ ಹಾಕಿಸಿಕೊಂಡ ಮೇಲೆ ಅವರಿಗೆ ಒಂದೆರಡು ದಿನ ಮೈ ಬೆಚ್ಚಗಾಗಿತ್ತು. ಅದು ನೆನಪಾಗಿರಬೇಕು. ಅವರು ತಮ್ಮ ಮೈಯೊಳಗೆ ಹೋದ ಎಲ್ಲ ಸೂಜಿಗಳ ಲೆಕ್ಕ ಮುಗಿಸಿದ್ದರು. ತತ್ತಿಯದು ಒಂದು ಮಾತ್ರ ಉಳಿದಿತ್ತು, ಅವರನ್ನು ಕಾಡಲು ಆ ಒಂದು ಸಾಕಾಗಿತ್ತು.

ಎಂಬಾಲೆ: ಹಾಲು, ಬಾಳೆಹಣ್ಣು

ಎಂಬಾಲೆ ದೊಡ್ಡದೊಂದು ಬಂಡೆಯ ಗೋಡೆಯ ಬುಡದಲ್ಲಿದೆ. ಕೊಪ್ಪಳದ ಗುಡ್ಡಗಳನ್ನು ಯಾರೋ ಒಂದರ ಪಕ್ಕ ಒಂದು ಜೋಡಿಸಿ ಮೇಲಿಂದ ನೀರು ಬಿಟ್ಟಂತೆ. ಬಾಗಿಲಲ್ಲಿ ಶೈಲಾ ತುಂಬಿದ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಅತ್ತೆ ಅವಳ ಗಲ್ಲ ಹಿಡಿದು ಅತ್ತರು, ಅವಳೂ ಅತ್ತಳು. ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದ ಅತ್ತೆ ಪೂಜೆಗೆ ಕೂರಲಿಲ್ಲ. ಕೊರಳಲ್ಲಿನ ಲಿಂಗವನ್ನು ತೆಗೆಯಲಿಲ್ಲ, ಅದನ್ನು ಮೈಯಿಂದ ಅಗಲಿಸುವಂತಿಲ್ಲ. ಆದರೆ ದಿನಾ ಮಾಡುವಂತೆ ಅಂಗೈಯ ಮೇಲೆ ಇಟ್ಟುಕೊಳ್ಳಲಿಲ್ಲ. ಪೂಜೆ ಇಲ್ಲವೆಂದರೆ ಊಟವೂ ಇಲ್ಲ. ಉಪವಾಸದ ದಿನದಂತೆ ಹಾಲು ಕುಡಿದರು, ಬಾಳೆಹಣ್ಣು ತಿಂದರು, ಮಗಳಿಗೆ ರೊಟ್ಟಿ ಬಡಿದು, ಪಲ್ಯ ಮಾಡಿ ಬಡಿಸಿದರು. ಮರುದಿನವೂ ಹಾಗೇ.

“ಲಿಂಗ ಕಟ್ಟಿದವರಿಗೆ ಸೂತಕ ಇಲ್ಲಂತ ನೀನ ಹೇಳ್ತಿದ್ದೆಲ್ಲವಾ ಯವ್ವಾ,” ಅಂದಳು ಶೈಲಾ.

“ಸೂತಕ ಬ್ಯಾರೆ, ತತ್ತಿ ಬ್ಯಾರೆ.”

“ಊರಿಗೆ ಫೋನ್ ಹಚ್ಚಿ ಅಯ್ಯನವರನ್ನ ಕೇಳೂಣ.”

“ಫೋನಿನಾಗ ಕೇಳೂ ಮಾತಲ್ಲ ಅದು. ಹೋದ ಮ್ಯಾಲ ಎದುರಿಗೆ ನಿಂತು ಕೇಳ್ತೀನಿ. ಅಲ್ಲೀತನ ಈ ಕೈಲೆ ಕೂಸಿಗೆ ಲಿಂಗ ಕಟ್ಟಂಗಿಲ್ಲ.”

ಅತ್ತೆ ಸಣ್ಣ ಲಿಂಗದ ಗಂಟನ್ನು ಬ್ಲೌಸಿನಿಂದ ತೆಗೆದು ಶೈಲಾಳ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟರು. ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು ಎಂದು ಆಗ ಬಹಳ ಸಂಕಟವಾಯಿತು.

ಪಕ್ಕದ ಮನೆಯ ಎಸ್ತರ್ ನೋಡಲು ಬಂದಳು. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಬಾಗಿಲು ದಾಟಿದ ಕೂಡಲೇ ಅತ್ತೆಯ ಮುಂದೆ ಎರಡೂ ಮೊಣಕಾಲೂರಿ ಕೂತು, ಮೆಲ್ಲಗೆ ಕ್ಷೇಮ ಕೇಳಿದಳು. ಹಿರಿಯರಿಗೆ ಅಲ್ಲಿನ ಹೆಂಗಸರು ಹಾಗೇ ನಮಸ್ಕರಿಸುವುದು. ಅಜ್ಜಿಯನ್ನು ಅಲ್ಲಿ ಜಾಜಾ ಎನ್ನುತ್ತಾರೆ, ಜಾಜಾ ಚೆನ್ನಾಗಿದ್ದೀರಾ ಎಂದಳು. ಅತ್ತೆ ಗಾಬರಿಯಾಗಿ ಹಿಂದೆ ಸರಿದರು. “ಏಳು ಅನ್ನು ಆಕಿಗೆ, ನನಗ ಯಾಕ ಅಡ್ಡ ಬೀಳ್ತಾಳ” ಎಂದು ನನಗೆ ಹೇಳಿದರು. ಊರಲ್ಲಿ ಸೊಸೆಯಂದಿರು ಕಾಲಿಗೆರಗಿದರೆ ಹಣೆ ಮುಟ್ಟಿ ಹರಸುವ ಕೈ ಆಗ ಮುಂದೆ ಬರಲಿಲ್ಲ.

ಎಸ್ತರ್ ಎದ್ದು ಶೈಲಾಳ ಬಿಪಿ ನೋಡಿದಳು. ಏರಿತ್ತು. ಮನೆಯಲ್ಲಿ ಏನಾದರೂ ಚಿಂತೆ ಇದೆಯೇ ಎಂದು ನನ್ನನ್ನು ಕೇಳಿದಳು. ಇವಳ ಅವ್ವ ಊಟ ಮಾಡುತ್ತಿಲ್ಲ ಎಂದೆ. ಜಾಜಾ ಉಣ್ಣದಿದ್ದರೆ ಮಗಳಿಗೂ ಕೂಸಿಗೂ ಒಳ್ಳೆಯದಲ್ಲ ಎಂದು ಎಸ್ತರ್ ಹೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ದಾಟಿಸಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅಂದು ಸಂಜೆ ಎಸ್ತರ್ ಶೇಂಗಾ ಅರೆದು ಮಾಡಿದ ಸಾರು, ಬಾಳೆ ಎಲೆಯಲ್ಲಿ ಬೇಯಿಸಿ ನಾದಿದ ಬಾಳೆಕಾಯಿ ಕಳಿಸಿದಳು. ನಾನು ಎರಡು ಸಲ ಹಾಕಿಸಿಕೊಂಡೆ. ಖಾರ ಒಂದಿದ್ದರೆ ಅದು ನಮ್ಮದೇ ಅಡಿಗೆ. ಅತ್ತೆ ವಾಸನೆ ನೋಡಿ ಛಲೋ ಐತಿ ಎಂದು ಹಾಲು ಕುಡಿದು ಮಲಗಿದರು.

ಆಸ್ಪತ್ರೆ: ಎಸ್ತರ್ ಹೇಳಿದಂತೆ

ಬಿಪಿ ಇಳಿಯಲಿಲ್ಲ. ಡಾಕ್ಟರು ತಡಮಾಡದೆ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ಇಬ್ಬರೂ ಆರಾಮ ಇದ್ದಾರೆ ಎಂದಾಗ ವೀರೇಶ ಗೋಡೆಗೆ ಒರಗಿ ಹಾಗೇ ಕುಕ್ಕರಗಾಲಲ್ಲಿ ಕೂತ. ಅತ್ತೆ ಕೊರಳಿಗೆ ಕೈ ಒಯ್ದರು. ಲಿಂಗ ಮುಟ್ಟುವ ಮೊದಲೇ ಕೈ ಇಳಿಸಿದರು.

ಆಸ್ಪತ್ರೆಯಲ್ಲಿ ಎಸ್ತರ್ ಬೇರೆಯೇ ಹೆಂಗಸು. ಮನೆಯಲ್ಲಿ ಮೊಣಕಾಲೂರಿದವಳು ಇಲ್ಲಿ ಅತ್ತೆಗೆ ಸೋಪು ತೋರಿಸಿ ಮೊಣಕೈತನಕ ಕೈ ತೊಳೆಸಿದಳು. ಕೂಸಿಗೆ ನೆಕ್ಕಿಸಲು ಅತ್ತೆ ತಂದಿದ್ದ ಜೇನಿನ ಬಾಟಲಿಯನ್ನು ತೆಗೆದು ಕಿಟಕಿಯ ಮೇಲಿಟ್ಟಳು. ಮೊದಲ ಹಾಲೇ ಕೊಡಬೇಕು ಎಂದಳು. ನಮ್ಮಲ್ಲಿ ಹಿಂದಿನವರು ಅದನ್ನು ಹಿಂಡಿ ಚೆಲ್ಲುತ್ತಿದ್ದರು. ತಾಯಿಯ ಮೈ ಕಾದಾಡಿ ಕಲಿತದ್ದೆಲ್ಲ ಆ ಹಾಲಿನಲ್ಲಿ ಸಿದ್ಧವಾಗಿ ಕೂಸಿಗೆ ಹೋಗುತ್ತದೆ ಎಂದು ನಾನು ಹೇಳಿದೆ. ಶೈಲಾ ಬಸುರಿಯಿದ್ದಾಗ ಹಾಕಿಸಿಕೊಂಡ ಧನುರ್ವಾಯುವಿನ ಸೂಜಿಯ ಫಲವೂ ಹೊಟ್ಟೆಯೊಳಗೇ ಕೂಸಿಗೆ ಮುಟ್ಟಿರುತ್ತದೆ ಎಂದೆ. ಅತ್ತೆ ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು.

“ತಾಯಿಗೆ ಚುಚ್ಚಿದ್ದು ಕೂಸಿಗೆ ಮುಟ್ಟತೈತಿ.”

“ಮುಟ್ಟತೈತ್ರಿ.”

ಮನೆಗೆ ಬಿಡುವ ದಿನ ಎಸ್ತರ್ ಟ್ರೇ ಹಿಡಿದುಕೊಂಡು ಬಂದಳು. ಕೂಸಿನ ತೋಳಿಗೆ ಒಂದು ಸೂಜಿ, ತೊಡೆಗೆ ಒಂದು, ಬಾಯಿಗೆ ಎರಡು ಹನಿ. ಅತ್ತೆ ಕೂಸನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದರು. ಏನು ಕೇಳುತ್ತಾರೆಂದು ಗೊತ್ತಿತ್ತು. ಸುಳ್ಳು ಹೇಳೋಣವೇ ಎಂದು ಒಂದು ಕ್ಷಣ ಅನಿಸಿತು. ಮೊಮ್ಮಗಳ ಮೈಗೆ ಏನು ಹೋಗುತ್ತದೆ ಎಂದು ಕೇಳುವ ಅಜ್ಜಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ತೋಳಿಂದು ಕ್ಷಯಕ್ಕ. ಅದು ಆಕಳಿಗೆ ಬರೂ ಕ್ಷಯದ ರೋಗಾಣು. ಅದನ್ನ ವರ್ಷಗಟ್ಲೆ ಬಟಾಟಿ ಹೋಳಿನ ಮ್ಯಾಲ ಬೆಳಸಿ ಮೆತ್ತಗ ಮಾಡ್ಯಾರ.”

“ಆಕಳು, ಬಟಾಟಿ. ನಡೀತೈತಿ.”

ಬಟಾಟಿಗೆ ದನದ ಪಿತ್ತವನ್ನೂ ಸೇರಿಸುತ್ತಿದ್ದರು. ಪಿತ್ತದ ಮಾತು ಅವರು ಕೇಳಲಿಲ್ಲ, ನಾನು ಎತ್ತಲಿಲ್ಲ. ಇಷ್ಟು ಬುದ್ಧಿ ಬಂದಿತ್ತು.

“ತೊಡೀದು ಕಾಮಾಲಿಗೆ. ಅದರಾಗ ವೈರಸ್ಸಿಲ್ಲ, ಅದರ ಮ್ಯಾಲಿನ ಸಿಪ್ಪಿಯ ಒಂದು ಚೂರು. ಬ್ರೆಡ್ಡು ಉಬ್ಬಸಾಕ ಹಾಕ್ತಾರಲ್ಲ ಯೀಸ್ಟು, ಅದರ ಕೈಲೆ ಮಾಡಸ್ತಾರ.”

“ಹನಿ?”

“ಪೋಲಿಯೋದ್ದು. ಜೀವಂತ ಐತಿ, ಕಸುವು ಇಲ್ಲ. ಮಂಗ್ಯಾನ ಜೀವಕೋಶದಾಗ ಬೆಳಸ್ತಾರ.”

ಅತ್ತೆ ಗಂಗಾವತಿಯ ಅಳಿಯನ ಕಡೆ ನೋಡಿದರು. “ನಿಮ್ಮ ಅಂಜನಾದ್ರಿ ಹನುಮಪ್ಪನ ಮಂದಿ. ಇರಲಿ ಬಿಡ್ರಿ” ಎಂದು ಕೂಸನ್ನು ಎಸ್ತರ್ ಕಡೆ ಚಾಚಿದರು. ಸೂಜಿ ಚುಚ್ಚಿದಾಗ ಕೂಸಿಗಿಂತ ಮೊದಲು ಅವರೇ ಕಣ್ಣು ಮುಚ್ಚಿಕೊಂಡರು.

ಎಸ್ತರ್ ಮುಂದಿನ ಸಲ ಯಾವಾಗ ಬರಬೇಕೆಂದು ಶೈಲಾಳಿಗೆ ಹೇಳತೊಡಗಿದಳು. ಒಂದೂವರೆ ತಿಂಗಳಿಗೆ ಇಂಥದ್ದು, ಆಮೇಲೆ ಇಂಥದ್ದು, ಒಂಬತ್ತು ತಿಂಗಳಿಗೆ ದಡಾರ ಮತ್ತು ಯೆಲ್ಲೋ ಫೀವರ್. ಅತ್ತೆಗೆ ಇಂಗ್ಲಿಷ್ ಬಾರದು. ಆದರೆ ಈ ಎರಡು ಪದಗಳನ್ನು ಅವರು ಬೆಂಗಳೂರಿನಿಂದ ಎಂಟೆಬೆಯವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದರು.

“ಯೆಲ್ಲೋ ಫೀವರ್ ಅಂದ್ಲಲ್ಲ. ನನಗ ಹಾಕಿದ್ದೇನು?”

ಎಸ್ತರ್‌ಳನ್ನು ಕೇಳಿದೆ. ಹೌದು, ಅದೇ. ಈ ದೇಶದಲ್ಲಿ ಎಲ್ಲ ಕೂಸುಗಳಿಗೂ ಹಾಕುತ್ತೇವೆ, ಇಲ್ಲಿ ಆ ಜ್ವರ ಬರುತ್ತದೆ, ಬಂದರೆ ಅದಕ್ಕೆಂದೇ ಬೇರೆ ಔಷಧಿಯಿಲ್ಲ ಎಂದಳು ಎಸ್ತರ್.

“ಅದ?”

“ಅದ ರಿ.”

“ತತ್ತಿದು?”

“ತತ್ತಿದು.”

“ಹಾಕಿಸದಿದ್ರ?”

ವೀರೇಶ ಉತ್ತರಿಸಿದ. “ಇಲ್ಲಿ ಸೊಳ್ಳಿ ಬಿಡಂಗಿಲ್ರಿ ಅತ್ತಿ. ಮತ್ತ ಕಾರ್ಡಿಲ್ಲದಿದ್ರ ಮುಂದಿನ ವರ್ಷ ತಳಕಲ್ಲಿಗೆ ಕರಕೊಂಡು ಬರೂದೂ ಆಗಂಗಿಲ್ಲ.”

ಅತ್ತೆ ಮನೆಗೆ ಹೋಗುವಾಗ ಕಾರಿನಲ್ಲಿ ಕೂಸಿನ ಎಡತೋಳನ್ನು ತಮ್ಮ ಸೆರಗಿನಿಂದ ಮುಚ್ಚಿ ಹಿಡಿದುಕೊಂಡಿದ್ದರು.

ಎಂಬಾಲೆ: ತೊಟ್ಟಿಲ ಹತ್ತಿರ

ಮರುದಿನ ಬೆಳಿಗ್ಗೆ ನಾನು ಚಹಾಕ್ಕೆ ಇಟ್ಟಿದ್ದೆ. ಅತ್ತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು ಬಂದು ಪೂರ್ವಕ್ಕೆ ಮುಖ ಮಾಡಿ ಕೂತರು. ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯ ಮೇಲಿಟ್ಟುಕೊಂಡರು. ನೀರೆರೆದರು, ವಿಭೂತಿ ಹಚ್ಚಿದರು, ಎಸ್ತರ್‌ಳ ಅಂಗಳದಿಂದ ಕೇಳಿ ತಂದಿದ್ದ ದಾಸವಾಳ ಏರಿಸಿದರು. ಅಂದು ಬಹಳ ಹೊತ್ತು ಕೂತಿದ್ದರು. ನಾನೂ ಶೈಲಾಳೂ ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆವು. ಚಹಾ ಉಕ್ಕಿ ಹರಿದದ್ದು ಆಮೇಲೆ ಗೊತ್ತಾಯಿತು.

ಎದ್ದು ಬಂದವರು ಕಪಾಟಿನ ಮೇಲಿಂದ ಬಿಳಿ ಅರಿವೆಯ ಗಂಟು ತೆಗೆದರು.

“ಕೂಸನ್ನ ತಾ.”

ಶೈಲಾ ಕೂಸನ್ನು ತಂದಳು. ಅವಳಿಗೆ ಪೂರ್ತಿ ಕೇಳಲು ಧೈರ್ಯ ಸಾಲಲಿಲ್ಲ. “ಯವ್ವಾ, ಆ ಸೂಜಿ...” ಎಂದಳು.

“ಹೂಂ, ಸೂಜಿ.” ಅತ್ತೆ ಗಂಟು ಬಿಚ್ಚುತ್ತಲೇ ಮಾತಾಡಿದರು, ಮಾರುಕಟ್ಟೆಯಲ್ಲಿ ಕಾಯಿಪಲ್ಯದ ದರ ಹೇಳುವಷ್ಟು ಸಹಜವಾಗಿ. “ಇವತ್ತ ಇದಕ್ಕ ಲಿಂಗ ಕಟ್ಟತೀವಿ. ಒಂಬತ್ತು ತಿಂಗಳಿಗೆ ಆ ಸೂಜಿ ಹಾಕಸ್ತೀವಿ, ಹಾಕಸಲೇಬೇಕು, ಇದು ಬದುಕಬೇಕು, ಊರಿಗೆ ಬರಬೇಕು. ಸೂಜಿ ಹಾಕಿದ ಮ್ಯಾಲ ಇದರ ಕೊರಳಾಗಿನ ಲಿಂಗ ತಗೀತೀಯೇನು?”

“ಇಲ್ಲ.”

“ಇದರ ಕೊರಳಿಗೆ ನಡದಿದ್ದು ನನ್ನ ಅಂಗೈಗೆ ಯಾಕ ನಡಿಬಾರದು? ರಾತ್ರಿಯೆಲ್ಲಾ ಇದನ್ನ ವಿಚಾರ ಮಾಡೀನಿ. ಊರಿಗೆ ಹೋದ ಮ್ಯಾಲ ಅಯ್ಯನವರಿಗೂ ಹಿಂಗ ಹೇಳ್ತೀನಿ.”

“ಕೇಳ್ತೀನಿ ಅಂದಿದ್ರಿ ಅತ್ತಿ,” ಎಂದೆ. ಕೆಂಪು ಪೆನ್ನು ಇನ್ನೂ ಸತ್ತಿರಲಿಲ್ಲ.

“ಅವತ್ತ ಕೇಳ್ತೀನಿ ಅಂದಿದ್ದೆ. ಈಗ ಹೇಳ್ತೀನಿ ಅಂದೆ.”

ಕೂಸಿನ ಪುಟ್ಟ ಹಣೆಗೆ ವಿಭೂತಿ ಹಚ್ಚಿದರು. ದಾರ ಉದ್ದವಾಗಿತ್ತು, ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು. ಗಂಟು ಹಾಕಿ, ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿದರು. ಕೂಸಿನ ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿದರು. ಶೈಲಾ ಅಳುತ್ತಿದ್ದಳು, ನನ್ನ ಕಣ್ಣುಗಳೂ ಒದ್ದೆಯಾಗಿದ್ದವು.

ಅತ್ತೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಕೈ ಒರೆಸಿಕೊಂಡು, ಅಡಿಗೆಮನೆಯ ಕಡೆ ಹೊರಟವರು ನನ್ನ ಮುಂದೆ ನಿಂತರು.

“ನಿನ್ನೆ ರಾತ್ರಿ ಎಸ್ತರ್ ಮತ್ತ ಕಳಿಸಿದ್ದ ಶೇಂಗಾ ಸಾರು ಉಳದೈತೇನು ಸುಜಾತಾ? ಒಂದು ಗಂಗಾಳ ಹಾಕು. ಹೊಟ್ಟಿ ಭಾಳ ಹಸದೈತಿ.”